ವಿಮಾನ ಬದಲಿಸೋಕೂ ವೀಸಾ ಬೇಕಾಯ್ತು

2024ರ ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ನಾರ್ವೆಯ ಓಸ್ಲೋಗೆ ಹೋದೆ. ತಂಗಿ ಅಲ್ಲಿದ್ದಾಳೆ. ಬರುವಾಗ ದೋಹಾ ಮೂಲಕ, ಹೋಗುವಾಗ ಲಂಡನ್ನಿನ ಹೀಥ್ರೂ ಮೂಲಕ. ಅಮ್ಮನಿಗೆ ಶುಗರ್ ಇದೆ. ನಡುರಾತ್ರಿಯಲ್ಲಿ ಎಬ್ಬಿಸಿ ವಿಮಾನ ಬದಲಿಸೋದು ಬೇಡ ಅಂತ ಹಗಲು ಪ್ರಯಾಣ ಸಿಗುವ ಲಂಡನ್ ದಾರಿಯನ್ನೇ ಆರಿಸಿಕೊಂಡೆ.

ಟಿಕೆಟ್ ನೋಡಿಕೊಟ್ಟ ಏಜೆಂಟ್, "ಷೆಂಗೆನ್ ವೀಸಾ ಇದ್ದರೆ ಸಾಕು ಮೇಡಂ, ನೀವು ಏರ್‌ಪೋರ್ಟ್ ಹೊರಗೇ ಹೋಗಲ್ವಲ್ಲ" ಅಂದರು. ಷೆಂಗೆನ್ ಅಂದರೆ ನಾರ್ವೆಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಕೇಳೋಕೆ ಸರಿಯಾಗೇ ಇತ್ತು. ಆದರೂ ದುಡ್ಡು ಕಟ್ಟುವ ಮುಂಚೆ ಬ್ರಿಟನ್ ಸರ್ಕಾರದ ವೆಬ್‌ಸೈಟ್ ತೆರೆದೆ. ಯಾವ ದೇಶದ ಪಾಸ್‌ಪೋರ್ಟ್, ಯಾಕೆ ಬರುತ್ತಿದ್ದೀರಿ ಅಂತ ಕೇಳಿ, ವೀಸಾ ಬೇಕೋ ಬೇಡವೋ ಅಂತ ಅದೇ ಹೇಳುತ್ತದೆ. ನಮಗೆ ಬೇಕು ಅಂತ ಬಂತು.

ಭಾರತದ ಪಾಸ್‌ಪೋರ್ಟ್ ಇರುವವರು ಹೀಥ್ರೂನಲ್ಲಿ ಬರೀ ವಿಮಾನ ಬದಲಿಸಿದರೂ ಟ್ರಾನ್ಸಿಟ್ ವೀಸಾ ತೆಗೆದುಕೊಳ್ಳಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನ ಚಾಲ್ತಿ ವೀಸಾ ಇದ್ದರೆ ವಿನಾಯಿತಿ ಸಿಗುತ್ತದೆ. ಯುರೋಪಿನದಾದರೆ ದೀರ್ಘಾವಧಿಯ 'ಡಿ' ವೀಸಾ ಇರಬೇಕು. ನಾಲ್ಕು ದಿನ ನೋಡಿಕೊಂಡು ಬರುವವರಿಗೆ ಕೊಡುವ 'ಸಿ' ವೀಸಾ ಲೆಕ್ಕಕ್ಕಿಲ್ಲ. ನಮ್ಮದು ಅದೇ. ಏಜೆಂಟ್ ಮಾತು ನಂಬಿದ್ದರೆ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಿಂದಲೇ ವಾಪಸ್ ಬರುತ್ತಿದ್ದೆವು. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೆ ಬ್ರಿಟನ್ ತಲಾ 2,000 ಪೌಂಡ್ ದಂಡ ಹಾಕುತ್ತದೆ. ಹಾಗಾಗಿ ಅವರು ಬಿಡೋದೇ ಇಲ್ಲ.

ಇನ್ನೊಂದು ವಿಷಯ ಗೊತ್ತಾಗಿದ್ದೂ ಆಗಲೇ. ಟ್ರಾನ್ಸಿಟ್ ವೀಸಾದಲ್ಲಿ ಎರಡು ಬಗೆ. ಇಮಿಗ್ರೇಷನ್ (ದೇಶದೊಳಗೆ ಬಿಡುವ ಮುಂಚಿನ ಪಾಸ್‌ಪೋರ್ಟ್ ತಪಾಸಣೆ) ದಾಟದೆ ಒಳಗೊಳಗೇ ವಿಮಾನ ಬದಲಿಸುವವರಿಗೆ ಒಂದು, ಆಗ ಅದಕ್ಕೆ 35 ಪೌಂಡ್. ಇಮಿಗ್ರೇಷನ್ ದಾಟಿ 48 ಗಂಟೆಯೊಳಗೆ ಹೊರಡುವವರಿಗೆ ಇನ್ನೊಂದು, ಅದಕ್ಕೆ ಆಗ 64 ಪೌಂಡ್. ನಿಮಗೆ ಯಾವುದು ಅನ್ನೋದು ಹೆಚ್ಚಾಗಿ ನಿಮ್ಮ ಲಗೇಜ್ ಮೇಲೆ ನಿಂತಿದೆ! ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ, ಲಂಡನ್ನಿನಲ್ಲಿ ಸೂಟ್‌ಕೇಸ್ ತೆಗೆದುಕೊಂಡು ಮತ್ತೆ ಕೊಡಬೇಕಾಗಿ ಬಂದರೆ ಇಮಿಗ್ರೇಷನ್ ದಾಟಲೇಬೇಕು. ಆಗ ಮೊದಲ ಬಗೆಯ ವೀಸಾ ನಡೆಯೋದಿಲ್ಲ. ನಾನು ಒಂದೇ ಬುಕಿಂಗ್‌ನಲ್ಲಿ ಓಸ್ಲೋ ತನಕ ಟಿಕೆಟ್ ಮಾಡಿಸಿದೆ.

ಯಾವ ಅರ್ಜಿ ಮೊದಲು ಅನ್ನೋದರಲ್ಲಿ ತುಂಬಾ ಜನ ಎಡವುತ್ತಾರೆ. ಮುಂದಿನ ದೇಶಕ್ಕೆ ಹೋಗಲು ಅನುಮತಿ ಇದೆ ಅಂತ ಬ್ರಿಟನ್ನಿಗೆ ತೋರಿಸಬೇಕು. ಅಂದರೆ ನಾರ್ವೆ ವೀಸಾ ಮೊದಲು ಕೈಗೆ ಬರಬೇಕು. ಇರೋದು ಒಂದೇ ಪಾಸ್‌ಪೋರ್ಟ್, ಎರಡು ಕಡೆ ಕೊಡೋಕಾಗಲ್ಲ ಅಲ್ವಾ? ಏಪ್ರಿಲ್‌ನಲ್ಲಿ ನಾರ್ವೆಗೆ ಅರ್ಜಿ ಹಾಕಿದೆ. ಪಾಸ್‌ಪೋರ್ಟ್ ವಾಪಸ್ ಬಂದ ಮೇಲೆ, ಮೇ ಮಧ್ಯದಲ್ಲಿ ಬ್ರಿಟನ್ನಿಗೆ. ಅವರು ಸಾಮಾನ್ಯವಾಗಿ ಮೂರು ವಾರ ಅನ್ನುತ್ತಾರೆ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಎರಡನ್ನೂ ಸೇರಿಸಿ ನಾನಾದರೆ ಎರಡೂವರೆ ತಿಂಗಳು ಇಟ್ಟುಕೊಳ್ಳಿ ಅಂತಲೇ ಹೇಳೋದು.

ಫಾರ್ಮ್ ಆನ್‌ಲೈನ್. ಅಮ್ಮನಿಗೆ ಬೇರೆ, ನನಗೆ ಬೇರೆ. ರಾತ್ರಿ ಊಟ ಆದ ಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿದೆ. ಭಯೋತ್ಪಾದನೆ, ಯುದ್ಧಾಪರಾಧದಲ್ಲಿ ಭಾಗಿಯಾಗಿದ್ದೀರಾ ಅನ್ನುವ ಪ್ರಶ್ನೆಗಳನ್ನು ಓದಿ ಹೇಳಿದಾಗ ಅಮ್ಮ ಗಾಬರಿಯಾದರು. "ನಾನೇನು ಮಾಡಿದೀನಿ ಅಂತ ಹೀಗೆ ಕೇಳ್ತಾರೆ?" ಎಲ್ಲರಿಗೂ ಕೇಳೋದೇ ಇದು ಅಂತ ಸಮಾಧಾನ ಮಾಡಿದೆ. ವಯಸ್ಸಾದವರ ಫಾರ್ಮ್ ತುಂಬುವಾಗ ಇದನ್ನು ಮೊದಲೇ ಹೇಳಿಬಿಡಿ.

ದಾಖಲೆ ಜಾಸ್ತಿ ಇಲ್ಲ. ಪಾಸ್‌ಪೋರ್ಟ್, ನಾರ್ವೆ ವೀಸಾದ ಪ್ರತಿ, ಲಂಡನ್ನಿನಿಂದ ಮುಂದಕ್ಕೆ ಹೋಗುವ ಟಿಕೆಟ್. ನಾನು ವಾಪಸ್ ಟಿಕೆಟ್ಟನ್ನೂ ತಂಗಿಯ ಆಹ್ವಾನ ಪತ್ರವನ್ನೂ ಸೇರಿಸಿದೆ. ಸ್ಕ್ಯಾನ್ ಮಾಡಿ ಮನೆಯಿಂದಲೇ ಅಪ್‌ಲೋಡ್ ಮಾಡಿದರೆ ಖರ್ಚಿಲ್ಲ. ವೀಸಾ ಅರ್ಜಿ ಕೇಂದ್ರದಲ್ಲಿ ಅವರೇ ಮಾಡಿಕೊಟ್ಟರೆ ದುಡ್ಡು ಕೊಡಬೇಕು.

ಬೆರಳಚ್ಚು ಮತ್ತು ಫೋಟೋಗೆ ಬೆಂಗಳೂರಿನ ಕೇಂದ್ರಕ್ಕೆ ಹೋಗಲೇಬೇಕು. ಅಲ್ಲಿ ಅಮ್ಮನ ಬೆರಳಚ್ಚು ಬೀಳಲೇ ಇಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದ ಕೈ. ಗೆರೆ ಎಲ್ಲಾ ಸವೆದಿದೆ. ಕೌಂಟರಿನಲ್ಲಿದ್ದ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಒರೆಸಿಸಿ, ಒಂದೊಂದೇ ಬೆರಳು ಒತ್ತಿ ಹಿಡಿದು ನಾಲ್ಕನೇ ಸಲಕ್ಕೆ ತೆಗೆದಳು. "ಅಜ್ಜಿ, ಅವಸರ ಇಲ್ಲ, ನಿಧಾನಕ್ಕೆ" ಅಂತ ಅವಳು ಹೇಳಿದ ರೀತಿ ಇನ್ನೂ ನೆನಪಿದೆ. ಆಮೇಲೆ ನಾನು ವಯಸ್ಸಾದವರಿಗೆಲ್ಲ, ಹಿಂದಿನ ರಾತ್ರಿ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಚೆನ್ನಾಗಿ ತೊಳೆದುಕೊಂಡು ಹೋಗಿ ಅಂತ ಹೇಳ್ತೀನಿ.

ಜೂನ್ ಮೊದಲ ವಾರ ಪಾಸ್‌ಪೋರ್ಟ್ ಬಂತು. ಸ್ಟಿಕ್ಕರ್ ಮೇಲಿನ ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಖು ಮೂರನ್ನೂ ಅಲ್ಲೇ ನಿಂತು ನೋಡಿಕೊಂಡೆ.

ಹೊರಡುವ ದಿನ ಕೌಂಟರಿನಲ್ಲಿ ಎರಡು ವೀಸಾವನ್ನೂ ತಿರುವಿ ನೋಡಿದರು. ಸೂಟ್‌ಕೇಸಿಗೆ ಹಾಕಿದ ಟ್ಯಾಗ್ ಮೇಲೆ ಓಸ್ಲೋ ಅಂತಲೇ ಇದೆಯಾ ಅಂತ ನಾನು ಕೇಳಿ ಖಾತ್ರಿ ಮಾಡಿಕೊಂಡೆ. ಹೀಥ್ರೂನಲ್ಲಿ 'ಫ್ಲೈಟ್ ಕನೆಕ್ಷನ್ಸ್' ಅನ್ನುವ ನೇರಳೆ ಬಣ್ಣದ ಫಲಕ ಹಿಡಿದು ನಡೆದೆವು. ಇನ್ನೊಂದು ಸಲ ಸೆಕ್ಯುರಿಟಿ ತಪಾಸಣೆ ಆಯಿತು, ಇಮಿಗ್ರೇಷನ್ ಸಾಲು ಇರಲಿಲ್ಲ. ಗೇಟ್ ಹತ್ತಿರ ಕೂತು ಡಬ್ಬಿ ತೆಗೆದೆ. ಅಮ್ಮ ಚಪಾತಿ ತಿಂದು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡರು.