ಟ್ರೋಲಿಂಗ್ ಮೋಟಾರ್ ಬ್ಯಾಟರಿ ಬೇಗ ಸಾಯದಂತೆ ನೋಡಿಕೊಳ್ಳುವುದು

ಟ್ರೋಲಿಂಗ್ ಮೋಟಾರ್ ಎಂದರೆ ಮೀನು ಹಿಡಿಯುವಾಗ ದೋಣಿಯನ್ನು ನಿಧಾನವಾಗಿ ತಳ್ಳುವ ಚಿಕ್ಕ ವಿದ್ಯುತ್ ಮೋಟಾರ್. ಅದಕ್ಕೆ ಬಳಸುವ ಲೆಡ್-ಆಸಿಡ್ ಬ್ಯಾಟರಿಯನ್ನು ಎಲ್ಲಕ್ಕಿಂತ ಹೆಚ್ಚು ಹಾಳುಮಾಡುವ ಅಭ್ಯಾಸ ಒಂದಿದೆ: ಮೀನು ಹಿಡಿದು ಬಂದ ಮೇಲೆ ಬ್ಯಾಟರಿಯನ್ನು ಹಾಗೇ ಬಿಟ್ಟು, ಮತ್ತೆ ಹೊರಡುವ ಹಿಂದಿನ ರಾತ್ರಿ ಚಾರ್ಜಿಗೆ ಹಾಕುವುದು. ಚಾರ್ಜ್ ಇಳಿದು ನಿಂತಷ್ಟು ದಿನವೂ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗದು. ದೋಣಿ ದಡ ಸೇರಿದ ದಿನವೇ ಚಾರ್ಜರ್ ಹಾಕಿ. 100 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಗೆ 10 ಆಂಪಿಯರ್ ಚಾರ್ಜರ್ ಸಾಕು, ಆದರೆ ರಾತ್ರಿಯಿಡೀ ಬೇಕು. ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗವಿರಲಿ.

ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಬ್ಬಿ ಹೊರಚೆಲ್ಲುತ್ತದೆ. ಪ್ಲೇಟುಗಳು ಕಾಣುತ್ತಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಿ.

ವೋಲ್ಟೇಜನ್ನು ಮೋಟಾರ್ ಓಡುವಾಗಲೋ ಚಾರ್ಜರ್ ತೆಗೆದ ತಕ್ಷಣವೋ ನೋಡಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ: ಸುಮಾರು 12.7 ಇದ್ದರೆ ತುಂಬಿದೆ, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಅದಕ್ಕಿಂತ ಕೆಳಗೆ ಇಳಿಸಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ಲೆಕ್ಕ ನಡೆಯದು. ಬಹುಪಾಲು ಖಾಲಿಯಾಗುವವರೆಗೂ ವೋಲ್ಟೇಜ್ ಅಷ್ಟಾಗಿ ಕದಲುವುದಿಲ್ಲ. ಅದಕ್ಕೆ ಶಂಟ್ ಮಾನಿಟರ್ (ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಮೀಟರ್) ಬೇಕು, ಅದರದ್ದೇ ಚಾರ್ಜರ್ ಬೇಕು. 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಲೇಬಾರದು.

55 ಪೌಂಡ್ ತಳ್ಳುಬಲದ 12 ವೋಲ್ಟ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಹಾಗೆಂದು 100 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ ಎರಡು ಗಂಟೆ ಬರುತ್ತದೆಂದು ನಂಬಬೇಡಿ. ಆ 100 ಎಂಬುದು ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ. ಜೋರಾಗಿ ಎಳೆದರೆ ಅಷ್ಟು ಸಿಗದು. ವೇಗ ಸ್ವಲ್ಪ ತಗ್ಗಿಸಿದರೂ ಕರೆಂಟ್ ಬಹಳ ಇಳಿಯುತ್ತದೆ.

ಇಂತಹ ಮೋಟಾರಿಗೆ ದಪ್ಪ ತಾಮ್ರದ ವಯರ್, ಸಾಮಾನ್ಯವಾಗಿ 6 ಗೇಜ್, ಮತ್ತು ಪ್ಲಸ್ ಟರ್ಮಿನಲ್ ಹತ್ತಿರವೇ 60 ಆಂಪಿಯರ್ ಬ್ರೇಕರ್ ಇರಲಿ. ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ಟುಗಳು ದೋಣಿಯ ಅದುರಿಗೆ ಸಡಿಲವಾಗುತ್ತವೆ; ಸ್ಪ್ಯಾನರ್ ನಟ್ಟು, ಲಾಕ್ ವಾಷರ್ ಹಾಕಿ. ಜೋರಾಗಿ ಓಡಿಸಿ ಆಫ್ ಮಾಡಿದ ಮೇಲೆ ವಯರಿನ ತುದಿ ಮುಟ್ಟಿ ನೋಡಿ. ಬಿಸಿಯಿದ್ದರೆ ಅಲ್ಲಿ ಸಡಿಲವೋ ಕಿಲುಬೋ ಇದೆ. ಬ್ರೇಕರ್ ಪದೇಪದೇ ಬಿದ್ದರೆ ಮೊದಲು ಪ್ರೊಪೆಲ್ಲರ್ ಬಿಚ್ಚಿ. ಅದರ ಹಿಂದೆ ಸುತ್ತಿಕೊಂಡ ಗಾಳದ ದಾರ ಮೋಟಾರಿನ ಹೊರೆ ಹೆಚ್ಚಿಸುವುದಲ್ಲದೆ ಸೀಲನ್ನೂ ಕೊಯ್ಯುತ್ತದೆ.

24 ವೋಲ್ಟಿಗೆ ಒಂದು 12 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸುವಾಗ ಎರಡೂ ಒಂದೇ ಅಳತೆ, ಒಂದೇ ವಯಸ್ಸಿನವಾಗಿರಲಿ. ಫಿಶ್ ಫೈಂಡರಿಗೆ (ನೀರಿನೊಳಗಿನ ಮೀನು ತೋರಿಸುವ ಸಾಧನ) ಆ ಜೋಡಿಯ ಒಂದರಿಂದ ಮಾತ್ರ ಕರೆಂಟ್ ತೆಗೆದರೆ ಆ ಬ್ಯಾಟರಿ ಸದಾ ಹಿಂದೆ ಬಿದ್ದು ಬೇಗ ಕೆಡುತ್ತದೆ. ಚಿಕ್ಕ ಬೇರೆ ಬ್ಯಾಟರಿ ಇಡಿ.

ಹಂಗಾಮು ಮುಗಿದಾಗ ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ವಯರ್ ಕಳಚಿಡಿ. ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದಿದ್ದರೆ ಮತ್ತೆ ಚಾರ್ಜಿಗೆ ಹಾಕಿ.