ಕ್ಯಾಪೆಟಿಯನ್ ವಂಶವೃಕ್ಷವನ್ನು ನಾನು ಬರೆದ ಬಗೆ

ಫ್ರಾನ್ಸಿನ ಕ್ಯಾಪೆಟಿಯನ್ ರಾಜವಂಶದ ವೃಕ್ಷವನ್ನು ಬರೆಯಲು ಕುಳಿತಾಗ, ತಲೆಮಾರುಗಳನ್ನು ಸಾಲುಸಾಲಾಗಿ ಜೋಡಿಸುವ ರೂಢಿಯನ್ನು ನಾನು ಮೊದಲಿಗೇ ಕೈಬಿಟ್ಟೆ. ಹಾಳೆಯ ಎಡ ಅಂಚಿನಲ್ಲಿ, ಹ್ಯೂ ಕ್ಯಾಪೆ ಪಟ್ಟಕ್ಕೆ ಬಂದ 987ರಿಂದ ಇಸವಿಗಳನ್ನು ಗುರುತಿಸುತ್ತಾ ಹೋಗಿ, ಪ್ರತಿಯೊಬ್ಬರನ್ನೂ ಅವರು ತೀರಿಕೊಂಡ ವರ್ಷದ ನೇರಕ್ಕೆ ಬರೆದೆ. ಕವಲುಗಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲವಾದ್ದರಿಂದ, ಯಾರು ಯಾರ ಸಮಕಾಲೀನರೆಂಬುದು ಹೀಗೆ ಬರೆದರೆ ಮಾತ್ರ ಕಣ್ಣಿಗೆ ಕಾಣುತ್ತದೆ.

ಲೂಯಿ, ಫಿಲಿಪ್, ಚಾರ್ಲ್ಸ್ ಎಂಬ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಪ್ರತಿ ಹೆಸರಿನೊಂದಿಗೆ ತಂದೆಯ ಹೆಸರನ್ನೂ ಸೇರಿಸಿದೆ. ಬರ್ಗಂಡಿಯ ಡ್ಯೂಕರಲ್ಲಿ ಇದು ಅನಿವಾರ್ಯ. ಎರಡನೆಯ ರಾಬರ್ಟ್ ದೊರೆಯ ಮಗನಿಂದ ಮೊದಲಾದ ಮನೆತನ 1361ರಲ್ಲಿ ಮುಗಿದರೆ, ಎರಡನೆಯ ಜಾನ್ ದೊರೆಯ ಮಗ ಫಿಲಿಪ್‌ನಿಂದ ಅದೇ ನಾಡಿನಲ್ಲಿ ಇನ್ನೊಂದು ಮನೆತನ ಮೊದಲಾಯಿತು. ಎರಡೂ ಕ್ಯಾಪೆಟಿಯನ್ ಮನೆತನಗಳೇ. ಮೊದಲನೆಯದರ ಒಂದು ಕವಲು ಪೋರ್ಚುಗಲ್‌ಗೆ ಹೋಗಿ ಅಲ್ಲಿ ರಾಜವಂಶವಾಯಿತು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದಾಗ ಲಿಸ್ಬನ್ನಿನಲ್ಲಿ ಆಳುತ್ತಿದ್ದ ಮ್ಯಾನ್ಯುಯೆಲ್, ಅನೌರಸ ಸಂತತಿಯ ಮೂಲಕವಾದರೂ, ಹ್ಯೂ ಕ್ಯಾಪೆಯ ವಂಶಸ್ಥನೇ.

ಗಂಡುಸಂತತಿಯನ್ನು ಕಪ್ಪು ಶಾಯಿಯಲ್ಲೂ ಹೆಣ್ಣುಮಕ್ಕಳ ಮೂಲಕ ಸಾಗಿದ ಸಂತತಿಯನ್ನು ಕೆಂಪು ಶಾಯಿಯಲ್ಲೂ ಬರೆದೆ. ಅಚ್ಚಾದ ವಂಶವೃಕ್ಷಗಳು ಸಾಮಾನ್ಯವಾಗಿ ಕಪ್ಪು ಗೆರೆಗೇ ನಿಲ್ಲುತ್ತವೆ. ಅದು ದೊಡ್ಡ ಕೊರತೆಯೆಂದು ನನ್ನ ದೃಢವಾದ ಅಭಿಪ್ರಾಯ. 1316ರಲ್ಲಿ ಹತ್ತನೆಯ ಲೂಯಿ ತೀರಿಕೊಂಡು, ಅನಂತರ ಹುಟ್ಟಿದ ಅವನ ಗಂಡುಮಗು ಜಾನ್ ಕೆಲವೇ ದಿನಗಳಲ್ಲಿ ಅಸುನೀಗಿದಾಗ, ಮಗಳು ಜೋನ್ ಬದುಕಿದ್ದರೂ ಪಟ್ಟ ಚಿಕ್ಕಪ್ಪನ ಪಾಲಾಯಿತು. 1328ರಲ್ಲಿ ನೇರ ಸಂತತಿಯ ಗಂಡುಮಕ್ಕಳೇ ಇಲ್ಲವಾಗಿ ಸಿಂಹಾಸನ ವಾಲ್ವಾ ಶಾಖೆಗೆ ಹೋಯಿತು. ಜೋನ್‌ಗೆ ಸಿಕ್ಕಿದ್ದು ಪಿರಿನೀಸ್ ತಪ್ಪಲಿನ ಪುಟ್ಟ ನವಾರ್ ರಾಜ್ಯ.

1589ರಲ್ಲಿ ವಾಲ್ವಾ ವಂಶದ ಕೊನೆಯ ದೊರೆ ಮೂರನೆಯ ಹೆನ್ರಿಯ ಕೊಲೆಯಾದಾಗ ಪಟ್ಟಕ್ಕೆ ಬಂದವನು ಬೂರ್ಬನ್ ಶಾಖೆಯ ನವಾರ್‌ನ ಹೆನ್ರಿ. ಕಪ್ಪು ಗೆರೆಯಲ್ಲಿ ಇವರಿಬ್ಬರೂ ಸೇರುವುದು 1270ರಲ್ಲಿ ತೀರಿಕೊಂಡ ಒಂಬತ್ತನೆಯ ಲೂಯಿಯ ಬಳಿ. ಆ ಲೂಯಿಯ ಕಿರಿಯ ಮಗ ಕ್ಲೆರ್ಮೋನ್‌ನ ರಾಬರ್ಟ್‌ನಿಂದ ಎಣಿಸುತ್ತಾ ಬಂದರೆ ನವಾರ್‌ನ ಹೆನ್ರಿ ಹತ್ತನೆಯ ತಲೆಮಾರು. ಇಷ್ಟು ದೂರದ ದಾಯಾದಿಗೆ ರಾಜ್ಯ ಸಿಕ್ಕಿದ್ದು ಈ ಕಪ್ಪು ಗೆರೆಯ ಬಲದಿಂದಲೇ; ಆದರೆ ಇವರಿಬ್ಬರೂ ಎಷ್ಟು ಹತ್ತಿರದ ನಂಟರೆಂದು ತಿಳಿಯಲು ಕೆಂಪು ಗೆರೆಯನ್ನು ನೋಡಬೇಕು. ಅವನ ತಾಯಿ ಜೀನ್ ದಾಲ್ಬ್ರೆ, ಒಂದನೆಯ ಫ್ರಾನ್ಸಿಸ್ ದೊರೆಯ ಅಕ್ಕ ಮಾರ್ಗರೆಟ್‌ಳ ಮಗಳು; ಮೂರನೆಯ ಹೆನ್ರಿ ಅದೇ ಫ್ರಾನ್ಸಿಸನ ಮೊಮ್ಮಗ. ನವಾರ್‌ನ ಹೆನ್ರಿ 1572ರಲ್ಲಿ ಮದುವೆಯಾದದ್ದೂ ಮೂರನೆಯ ಹೆನ್ರಿಯ ತಂಗಿಯನ್ನೇ. ಇನ್ನೂ ಮಹತ್ವದ ಸಂಗತಿಯೆಂದರೆ, ಜೀನ್‌ಳಿಂದ ಕೆಂಪು ಗೆರೆಯನ್ನು ಹಿಡಿದು ಮೇಲೇರಿದರೆ ಆಲ್ಬ್ರೆ, ಫ್ವಾ, ಎವ್ರು ಮನೆತನಗಳನ್ನು ದಾಟಿ ಅದು ಮುಟ್ಟುವುದು 1316ರಲ್ಲಿ ಪಟ್ಟ ತಪ್ಪಿದ ಜೋನ್‌ಳನ್ನು. ಅವಳಿಗೆ ದಕ್ಕದ ಸಿಂಹಾಸನವನ್ನು ಅವಳ ಸಂತತಿಯವನೇ ಏರಿದ್ದನ್ನು ಹಾಳೆಯ ಮೇಲೆ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬೂರ್ಬನ್ನರ ಮುಂದಿನ ಕವಲುಗಳನ್ನು ಬರೆಯುವುದು ಹೆಚ್ಚು ಸುಲಭ. ಹದಿನಾಲ್ಕನೆಯ ಲೂಯಿಯ ತಮ್ಮನಿಂದ ಓರ್ಲಿಯನ್ಸ್ ಶಾಖೆಯೂ, 1700ರಲ್ಲಿ ಸ್ಪೇನಿನ ದೊರೆಯಾದ ಲೂಯಿಯ ಮೊಮ್ಮಗ ಫಿಲಿಪ್‌ನಿಂದ ಸ್ಪೇನ್ ಶಾಖೆಯೂ ಹುಟ್ಟಿದವು. ಸ್ಪೇನಿನಲ್ಲಿ ಮಾತ್ರ ಒಂದೆಡೆ ಎರಡು ಶಾಯಿಯೂ ಬೇಕಾಯಿತು: ರಾಣಿ ಎರಡನೆಯ ಇಸಬೆಲ್ಲಾ 1846ರಲ್ಲಿ ತನ್ನ ಚಿಕ್ಕಪ್ಪನ ಮಗನನ್ನೇ ಮದುವೆಯಾದದ್ದರಿಂದ, ಅವರ ಮಗ ಹನ್ನೆರಡನೆಯ ಆಲ್ಫೋನ್ಸೊನ ಹೆಸರಿಗೆ ಕಪ್ಪು ಗೆರೆಯೂ ಕೆಂಪು ಗೆರೆಯೂ ಬಂದು ಸೇರುತ್ತವೆ. ಅಲ್ಲಿಂದ ಈಗಿನ ದೊರೆ ಆರನೆಯ ಫೆಲಿಪೆಯವರೆಗೆ ಕಪ್ಪು ಗೆರೆ ಕಡಿಯದೆ ಇಳಿಯುತ್ತದೆ.