ಅಪ್ಪನ ಕನ್ನಡಕ, ಕಿಟಕಿಯಾಚೆ ಬೆಟ್ಟ: ಪದ್ಯ ಬರೆಯುವ ಬಗೆ

ಮನೆಯವರ ಮೇಲೆ ಪದ್ಯ ಬರೆಯಲು ಕೂತರೆ ಮೊದಲು ಬರುವ ಸಾಲು ಹೆಚ್ಚಾಗಿ ಹೊಗಳಿಕೆಯದ್ದು. ತ್ಯಾಗಮಯಿ, ಕರುಣೆಯ ಕಡಲು, ನಡೆದಾಡುವ ದೇವರು. ಸುಳ್ಳೇನಲ್ಲ. ಆದರೆ ಆ ಸಾಲನ್ನು ಯಾರ ಅಪ್ಪ ಅಮ್ಮನಿಗೂ ಅಂಟಿಸಬಹುದು, ಅಲ್ವಾ? ಹಾಗಾಗಿ ನಾನು ಗುಣ ಹುಡುಕುವುದಿಲ್ಲ, ಆ ಮನುಷ್ಯ ಕೈಯಾರೆ ಮಾಡುವ ಒಂದು ಕೆಲಸ ಹುಡುಕುತ್ತೇನೆ. ಒಂದೇ ಒಂದು ಸಾಕು.

ನಮ್ಮಪ್ಪನಿಗೆ ಏನಾದರೂ ಓದಲು ಅಂಜಿಕೆಯಾದರೆ ಕನ್ನಡಕ ಒರೆಸುತ್ತಾ ಕೂರುತ್ತಾರೆ. ಅದನ್ನೇ ಇಟ್ಟುಕೊಂಡು ಬರೆದದ್ದು:

ಅಪ್ಪ ಕನ್ನಡಕವನು ತೆಗೆದನು
ಅಂಗಿ ತುದಿಯಲಿ ಒರೆಸಿ ನೋಡಿದ
ಮತ್ತೆ ಒರೆಸಿದ ಬೆಳಕಿಗೆತ್ತುತ
ಚೀಟಿ ಇನ್ನೂ ಮಡಚಿಯೇ ಇದೆ

ಇದರಲ್ಲಿ ‘ಭಯ’ ಅನ್ನುವ ಪದ ಇಲ್ಲ. ಹಾಕಿದರೆ ಕೆಟ್ಟೇ ಹೋಗುತ್ತದೆ. ಯಾವ ಚೀಟಿ ಅಂತಲೂ ಹೇಳಿಲ್ಲ, ಆ ಕೆಲಸ ಶೀರ್ಷಿಕೆಗೆ ಬಿಟ್ಟೆ: ‘ಆಸ್ಪತ್ರೆಯಿಂದ ಬಂದ ಸಂಜೆ’. ಶೀರ್ಷಿಕೆ ಸುಮ್ನೆ ಮೇಲೆ ಕೂತಿರಬಾರದು, ಪದ್ಯಕ್ಕೆ ಬೇಕಾದ ಒಂದು ಸುದ್ದಿ ಹೊತ್ತು ತರಬೇಕು.

ಲಯ ಹೇಗೆ ಬಂತು ನೋಡಿ. ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆಗೆ ಮಾತ್ರೆ ಅಂತಾರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡೇ. ‘ಅಪ್ಪ’ 3, ‘ಕನ್ನಡ’ 4, ‘ಕವನು’ 3, ‘ತೆಗೆದನು’ 4. ಹೀಗೆ ಮೂರು, ನಾಲ್ಕು ಮಾತ್ರೆಯ ಗುಂಪು ಒಂದಾದ ಮೇಲೊಂದು ಬರುವುದು ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಛಂದಸ್ಸಿನ ನಡೆ. ‘ಕನ್ನಡಕ’ ಅನ್ನುವ ಪದ ಎರಡು ಗುಂಪಿನ ನಡುವೆ ಮುರಿದರೂ ಕಿವಿಗೆ ತೊಡಕಾಗುವುದಿಲ್ಲ. ಹೊಸಬರು ಬೆರಳಲ್ಲಿ ತಾಳ ಹಾಕಿ, ಜೋರಾಗಿ ಓದಿ ನೋಡಬೇಕು. ಎಲ್ಲಿ ನಾಲಗೆ ಎಡವುತ್ತದೋ ಅಲ್ಲಿ ಪದ ಬದಲಿಸಿ. ಛಂದಸ್ಸೇ ಬೇಡ ಅನ್ನಿಸಿದರೆ ಬಿಡಿ, ಆದರೆ ಜೋರಾಗಿ ಓದೋದು ಬಿಡಬೇಡಿ. ಪ್ರಾಸ? ತಾನಾಗಿ ಬಂದರೆ ಬರಲಿ. ‘ಮನ’ಕ್ಕೆ ‘ವನ’, ‘ಜೀವನ’ಕ್ಕೆ ‘ಪಾವನ’ ಅಂತ ಹುಡುಕಿಕೊಂಡು ಹೋದರೆ ಪ್ರಾಸವೇ ಪದ್ಯ ಬರೆಯುತ್ತದೆ, ನೀವಲ್ಲ.

ಬೆಟ್ಟ, ಹೊಳೆ, ಮಳೆಯ ಪದ್ಯ ಇನ್ನೂ ಕಷ್ಟ. ಭೂಮಿ ಹಸಿರು ಸೀರೆ ಉಟ್ಟು ಉಟ್ಟು ಅದು ಸವೆದೇ ಹೋಗಿದೆ. ಒಂದು ಜಾಗದಲ್ಲಿ ನಿಂತುಕೊಳ್ಳಿ, ಅಲ್ಲಿಂದ ಕಂಡದ್ದನ್ನು ಮಾತ್ರ ಬರೆಯಿರಿ. ಹೊತ್ತು ಯಾವುದು? ಬೆಟ್ಟದ ಯಾವ ಭಾಗದಲ್ಲಿ ನೆರಳು ಬಿದ್ದಿದೆ? ಆಮೇಲೆ ಆ ನೋಟದೊಳಗೆ ಒಬ್ಬರನ್ನು ತನ್ನಿ. ಅಮ್ಮ ಬೆಟ್ಟದ ಕಡೆ ಒಮ್ಮೆ ನೋಡಿ, ಏನೂ ಮಾತಾಡದೆ ಹಗ್ಗದ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಾಳೆ ಅನ್ನಿ. ಮೋಡ ಕವಿದದ್ದನ್ನು ಬೇರೆ ಹೇಳಬೇಕಾಗಿಲ್ಲ. ನನಗಂತೂ ಬರೀ ಬೆಟ್ಟದ ಪದ್ಯಕ್ಕಿಂತ ಇಂಥದ್ದೇ ಜಾಸ್ತಿ ಇಷ್ಟ.

ಬರೆದ ಮೇಲೆ ಕೊನೆಯ ಎರಡು ಸಾಲನ್ನು ಕೈಯಿಂದ ಮುಚ್ಚಿ ಓದಿ. ಅವಿಲ್ಲದೆಯೂ ಪದ್ಯ ನಿಂತರೆ ಹೊಡೆದು ಹಾಕಿ. ಹೆಚ್ಚಿನ ಸಲ ಅಲ್ಲಿರೋದು ಬರೀ ಉಪದೇಶ.

ಇನ್ನೊಂದು ಮಾತು. ಮನೆಯವರ ಗುಟ್ಟು ಪದ್ಯದಲ್ಲಿದ್ದರೆ ಹೊರಗೆ ಕಳಿಸುವ ಮುಂಚೆ ಅವರಿಗೆ ಓದಿ ಹೇಳಿ. ಅವರು ಬೇಡ ಅಂದರೆ ಎಷ್ಟೇ ಚೆಂದದ ಸಾಲಾದರೂ ಅದು ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ.